ಮಾತೃಸ್ಮರಣೆ ಮತ್ತು ದಾಸೋಹದ ಲೆಕ್ಕ

ಗತಿಸಿದ ಹಿರಿಯರನ್ನು ನೆನೆಯುವುದು ಮಾನವಸಹಜವಾದ ಧರ್ಮ. ಹೆತ್ತವಳನ್ನೂ, ಹೆತ್ತವಳಿಗಿಂತ ಮಿಗಿಲಾಗಿ ಮಡಿಲಲ್ಲಿ ಇಟ್ಟುಕೊಂಡು ಸಲಹಿದ ಅಜ್ಜಿಯನ್ನೂ ನೆನೆದಾಗ ಕಣ್ಣು ತೇವಗೊಳ್ಳದಿರುವವರು ವಿರಳ. ಆದರೆ ಶರಣಮಾರ್ಗದಲ್ಲಿ ನಡೆಯಬೇಕೆಂದಿರುವ ಗೃಹಸ್ಥನಿಗೆ ಇಲ್ಲಿ ಒಂದು ಸಂದೇಹವು ತಲೆದೋರದಿರದು. ಕುಲದ ಹಿರಿಮೆಯನ್ನು ಹೇಳಿಕೊಳ್ಳುವುದು ಸಲ್ಲದೆಂದು ನಮ್ಮ ಶರಣರು ಸಾರಿದರು. ಹುಟ್ಟಿನಿಂದ ಬಂದ ಹೆಮ್ಮೆಯನ್ನು ಅವರು ಬೇರು ಸಹಿತ ಕಿತ್ತೆಸೆದರು. ಹಾಗಿದ್ದಲ್ಲಿ, "ನಮ್ಮ ತಾಯಿ ಇಂಥವಳು, ನಮ್ಮ ಅಜ್ಜಿ ಅಂಥವಳು" ಎಂದು ನಾವು ಹೇಳಿಕೊಳ್ಳುವುದು ಭಕ್ತಿಯೋ, ಅಥವಾ ಬೇರೆ ವೇಷ ತೊಟ್ಟ ಕುಲಾಭಿಮಾನವೋ? ಸ್ಮರಣೆಯಲ್ಲಿ ಮೋಹವೆಷ್ಟು, ಅರಿವೆಷ್ಟು? ಈ ಪ್ರಶ್ನೆಯನ್ನು ಕೇವಲ ಶಾಸ್ತ್ರದ ಮಾತಿನಿಂದ ಬಿಡಿಸುವುದಕ್ಕಿಂತ ಒಂದು ಜೀವಿತವನ್ನು ಎದುರಿಗಿಟ್ಟುಕೊಂಡು ವಿವೇಚಿಸುವುದು ಲೇಸು. ಆ ಜೀವಿತ ನಮ್ಮ ತಂದೆಯ ತಾಯಿಯದು. ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರಿನಿಂದ ವಾಚಕರಿಗೆ ಆಗಬೇಕಾದ ಪ್ರಯೋಜನವಿಲ್ಲ, ನಡೆಯಿಂದ ಆಗಬಹುದು.

ನಮ್ಮ ಕಡೆ ಅಜ್ಜಿಯನ್ನು "ಆಯಿ" ಎಂದು ಕರೆಯುವ ರೂಢಿಯಿದೆ. ಮರಾಠಿಯಲ್ಲಿ ಅದೇ ಶಬ್ದಕ್ಕೆ ತಾಯಿ ಎಂಬ ಅರ್ಥ. ಸೊಲ್ಲಾಪುರದಲ್ಲಿ ನಾವು ವಾಸವಾಗಿದ್ದ ಚಾಳಿನಲ್ಲಿ ಕನ್ನಡಿಗರೂ, ಮರಾಠಿಗರೂ, ತೆಲುಗು ಮಾತನಾಡುವ ನೇಕಾರರೂ ಒಂದೇ ಗೋಡೆಯನ್ನು ಹಂಚಿಕೊಂಡು ಬಾಳುತ್ತಿದ್ದರು. ಅವರೆಲ್ಲರೂ ಆಕೆಯನ್ನು ಆಯಿ ಎಂದೇ ಕರೆಯುತ್ತಿದ್ದರು. ಹೀಗೆ ಕೂಗುವವರಲ್ಲಿ ಕೆಲವರಿಗೆ ಆಕೆ ಅಜ್ಜಿ, ಕೆಲವರಿಗೆ ತಾಯಿ. ಆಕೆ ಎರಡಕ್ಕೂ "ಓ" ಎನ್ನುತ್ತಿದ್ದಳು.

ಆಕೆಯ ಹುಟ್ಟೂರು ವಿಜಾಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಒಂದು ಹಳ್ಳಿ. ಮಳೆಯನ್ನೇ ನಂಬಿದ ಕಪ್ಪು ನೆಲ. ಮಳೆ ಕೈಕೊಟ್ಟರೆ ಒಡೆಯನಿಗೂ ಕೋರಿನವನಿಗೂ ಒಂದೇ ಗತಿ. ಗಂಡ ಕೋರಿನಿಂದ ಹೊಲ ಮಾಡುತ್ತಿದ್ದವನು ಜ್ವರದಿಂದ ತೀರಿಕೊಂಡನು. ಅದರ ಬೆನ್ನಿಗೆ ಎರಡು ವರ್ಷ ಬೆಳೆ ಬರಲಿಲ್ಲ. ೧೯೩೬ರಲ್ಲಿ, ಇಪ್ಪತ್ತುನಾಲ್ಕರ ಪ್ರಾಯದ ಆ ವಿಧವೆ, ನಾಲ್ಕು ವರ್ಷದ ಮಗಳ ಕೈ ಹಿಡಿದುಕೊಂಡು, ಮೊಲೆಯುಣ್ಣುವ ಮಗನನ್ನು ಸೆರಗಿನಲ್ಲಿ ಕಟ್ಟಿಕೊಂಡು, ಗದಗಿನಿಂದ ಹೋಟಗಿಗೆ ಹೋಗುವ ಮೀಟರ್ ಗೇಜ್ ರೈಲನ್ನು ಹತ್ತಿದಳು. ಆ ಮೊಲೆಗೂಸು ನಮ್ಮ ತಂದೆ. ಕೈಯಲ್ಲಿ ಒಂದು ಹಂಚು, ಒಂದು ಕೌದಿ; ಕೊರಳಲ್ಲಿ ಇಷ್ಟಲಿಂಗ. ಆಕೆಯ ಆಸ್ತಿ ಇಷ್ಟೇ.

ಸೊಲ್ಲಾಪುರವು ಆಗ ಗಿರಣಿಗಳ ಊರು. ೧೮೭೭ರಲ್ಲಿ ಮೊದಲ ಹತ್ತಿಗಿರಣಿ ಅಲ್ಲಿ ಸ್ಥಾಪಿತವಾದಂದಿನಿಂದ, ಬರಗಾಲದ ನಾಡುಗಳಿಂದ ಹೊಟ್ಟೆ ಹೊರೆಯಲು ಬಂದವರಿಗೆ ಆ ಊರು ನೆಲೆಯಾಗಿತ್ತು. ಅದು ಸ್ವಾಭಿಮಾನದ ಊರೂ ಅಹುದು. ೧೯೩೦ರಲ್ಲಿ ಅಲ್ಲಿ ಸೈನಿಕಶಾಸನ ಜಾರಿಯಾಗಿ, ೧೯೩೧ರ ಜನವರಿ ೧೨ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ ಎಂಬ ನಾಲ್ವರು ಒಂದೇ ದಿನ ಗಲ್ಲಿಗೇರಿದ್ದರು. ಆಯಿ ಬಂದಾಗ ಆ ನೆನಪು ಇನ್ನೂ ಹಸಿಯಾಗಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಅದು ಕಾಯಕಯೋಗಿ ಸಿದ್ಧರಾಮೇಶ್ವರರ ಸೊನ್ನಲಿಗೆ. ಕೆರೆಯ ನಡುವಿನ ಆ ಗುಡಿಗೆ ಆಕೆ ಸೋಮವಾರಕ್ಕೊಮ್ಮೆ ಹೋಗುತ್ತಿದ್ದಳು. ಸಂಕ್ರಾಂತಿಯ ಗಡ್ಡೆಯ ಜಾತ್ರೆಯಲ್ಲಿ ಏಳು ನಂದಿಕೋಲುಗಳು ಸಾಗುವಾಗ ಬೀದಿಯ ಅಂಚಿನಲ್ಲಿ ನಿಂತು ಕೈಮುಗಿಯುತ್ತಿದ್ದಳು.

ಮೊದಲ ಕೆಲವು ವರ್ಷ ಬೇರೊಬ್ಬರ ಖಾನಾವಳಿಯಲ್ಲಿ ರೊಟ್ಟಿ ಬಡಿದಳು. ಅನಂತರ ತಾನಿದ್ದ ಒಂದೂವರೆ ಖೋಲಿಯಲ್ಲಿಯೇ ಹತ್ತು ಹನ್ನೆರಡು ಮಂದಿ ಗಿರಣಿ ಕಾರ್ಮಿಕರಿಗೆ ಊಟ ಹಾಕತೊಡಗಿದಳು. ಗಿರಣಿಯ ಭೋಂಗಾ ಕೂಗುವ ಮುನ್ನ ಮೊದಲ ಪಾಳಿಯವರಿಗೆ ರೊಟ್ಟಿ ಕಟ್ಟಿ ಕೊಡಬೇಕು. ರಾತ್ರಿಯ ಪಾಳಿ ಮುಗಿಸಿ ಬಂದವರಿಗೆ ಬಿಸಿಯಾಗಿ ಬಡಿಸಬೇಕು. ಜೋಳದ ರೊಟ್ಟಿ, ಬೇಳೆ, ಪುಂಡಿಪಲ್ಲೆ ಅಥವಾ ಝುಣಕ, ಶೇಂಗಾ ಹಿಂಡಿ: ಇಷ್ಟೇ ಊಟ. ತಿಂಗಳಿಗೊಮ್ಮೆ ಪಗಾರವಾದಾಗ ಲೆಕ್ಕ ತೀರಿಸುವ ಪದ್ಧತಿ. ಆಕೆಗೆ ಅಕ್ಷರ ಬಾರದು. ಒಲೆಯ ಬದಿಯ ಗೋಡೆಯೇ ಆಕೆಯ ಖಾತೆಪುಸ್ತಕ. ಒಬ್ಬೊಬ್ಬನಿಗೆ ಒಂದೊಂದು ಸಾಲು. ಒಂದು ಊಟಕ್ಕೆ ಇದ್ದಿಲಿನ ಒಂದು ಗೆರೆ. ಲೆಕ್ಕ ತೀರಿದೊಡನೆ ಒದ್ದೆ ಬಟ್ಟೆಯಿಂದ ಒರೆಸಿಬಿಡುತ್ತಿದ್ದಳು. ಕೆಲಸ ಕಳೆದುಕೊಂಡವನೂ, ಜಡ್ಡಿನಿಂದ ಬಿದ್ದವನೂ ಉಣ್ಣಲು ಬಂದರೆ, ಆ ದಿನ ಅವನ ಸಾಲಿನಲ್ಲಿ ಗೆರೆ ಬೀಳುತ್ತಿರಲಿಲ್ಲ. ಅವನು ಕೇಳಿದರೆ, "ಇದ್ದಲಿ ಆರಿತ್ತಪ್ಪಾ" ಎಂದು ಸುಮ್ಮನಾಗುತ್ತಿದ್ದಳು.

ಇಲ್ಲಿ ತುಸು ನಿಂತು ಯೋಚಿಸಬೇಕು. ಸ್ಥಾವರ ಜಂಗಮ ಎಂಬ ಎರಡು ಶಬ್ದಗಳನ್ನು ನಮ್ಮ ಶರಣರು ಎಷ್ಟು ಆಳವಾಗಿ ಬಳಸಿದರೆಂಬುದನ್ನು ವಾಚಕರು ಬಲ್ಲರು. ನಿಂತದ್ದು ಸ್ಥಾವರ, ನಡೆಯುವುದು ಜಂಗಮ. ಊರು ಬಿಟ್ಟು ಹೊರಟವನ ದುಃಖವೆಂದರೆ, ತನ್ನ ದೇವರನ್ನೂ ಮನೆಯನ್ನೂ ಹಿಂದೆ ಬಿಟ್ಟೆನೆಂಬುದು. ಇಷ್ಟಲಿಂಗಧಾರಿಯಾದವನು ದೇವರನ್ನು ಹಿಂದೆ ಬಿಟ್ಟು ಹೋಗಲಾರನು. ಅವನು ನಡೆದಲ್ಲಿ ಗುಡಿಯೂ ನಡೆಯುತ್ತದೆ. ಕಲ್ಯಾಣವೆಂಬ ಪಟ್ಟಣವೇ ವಲಸೆ ಬಂದವರಿಂದ ಬೆಳಗಿದ್ದಲ್ಲವೇ? ಬಸವಣ್ಣನವರು ಬಾಗೇವಾಡಿಯಿಂದ ಕೂಡಲಸಂಗಮಕ್ಕೆ, ಅಲ್ಲಿಂದ ಮಂಗಳವಾಡಕ್ಕೆ, ಅಲ್ಲಿಂದ ಕಲ್ಯಾಣಕ್ಕೆ ಬಂದರು. ಅಕ್ಕ ಉಡುತಡಿಯಿಂದ ನಡೆದು ಬಂದಳು. ಪ್ರಭುದೇವರು ಬಳ್ಳಿಗಾವೆಯವರು. ಮೋಳಿಗೆಯ ಮಾರಯ್ಯ ದಂಪತಿಗಳು ಕಾಶ್ಮೀರದಿಂದ ಬಂದು ಸೌದೆ ಮಾರಿ ಬಾಳಿದರೆಂದು ಪರಂಪರೆ ಹೇಳುತ್ತದೆ. ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರು ಅಮರೇಶ್ವರದಿಂದ ಬಂದವರು. ಇವರಲ್ಲಿ ಯಾರನ್ನೂ ಕಲ್ಯಾಣವು "ನೀನು ಯಾವ ಊರಿನವನು?" ಎಂದು ಕೇಳಿ ಅಳೆಯಲಿಲ್ಲ, "ನಿನ್ನ ಕಾಯಕವೇನು?" ಎಂದು ಕೇಳಿ ಆದರಿಸಿತು.

ಆಯಿಯ ಬಾಳಿನಲ್ಲಿ ಇನ್ನೊಂದು ವಿಚಿತ್ರವೂ ನಡೆಯಿತು. ಆಕೆ ಬಂದಾಗ ವಿಜಾಪುರವೂ ಸೊಲ್ಲಾಪುರವೂ ಮುಂಬಯಿ ಪ್ರಾಂತದಲ್ಲಿಯೇ ಇದ್ದವು. ೧೯೫೬ರ ನವೆಂಬರ್ ೧ರಂದು ವಿಜಾಪುರವು ಮೈಸೂರು ರಾಜ್ಯಕ್ಕೆ ಸೇರಿತು. ಸೊಲ್ಲಾಪುರವು ಮುಂಬಯಿ ರಾಜ್ಯದಲ್ಲಿ ಉಳಿದು, ೧೯೬೦ರ ಮೇ ೧ರಿಂದ ಮಹಾರಾಷ್ಟ್ರಕ್ಕೆ ಸಂದಿತು. ಒಲೆಯ ಮುಂದಿನಿಂದ ಕದಲದ ಮುದುಕಿ ಪರರಾಜ್ಯದವಳಾದಳು. ಇದನ್ನು ನಮ್ಮ ತಂದೆ ವಿವರಿಸಿ ಹೇಳಿದಾಗ ಆಕೆ ಕೇಳಿದ್ದು ಒಂದೇ ಮಾತು: "ಜ್ವಾಳದ ಧಾರಣಿ ಏನಾತು?"

ಇಷ್ಟನ್ನೇ ಹೇಳಿ ಮುಗಿಸಿದ್ದರೆ ಈ ಲೇಖನವು ಸುಖವಾದ ಒಂದು ಸ್ತುತಿಯಾಗುತ್ತಿತ್ತು. ಆದರೆ ಸತ್ಯವನ್ನು ಮುಚ್ಚಿಟ್ಟ ಸ್ತುತಿಯು ವಿಗ್ರಹಪೂಜೆಗಿಂತ ಮೇಲಾದುದಲ್ಲ. ಆಯಿಯಲ್ಲಿ ಒಂದು ದೋಷವಿತ್ತು. ನಮ್ಮ ಖೋಲಿಯ ಹೊರಗಿನ ಗೂಡಿನಲ್ಲಿ ಒಂದು ಹಿತ್ತಾಳೆಯ ಬಟ್ಟಲನ್ನು ಬೇರೆಯಾಗಿ ಇಟ್ಟಿರುತ್ತಿದ್ದಳು. ಲೋಕವು ಕೆಳಗಿನವೆಂದು ಕರೆಯುವ ಜಾತಿಗಳ ಕಾರ್ಮಿಕರು ನೀರು ಕೇಳಿದರೆ ಅದರಲ್ಲಿಯೇ ಕೊಡುತ್ತಿದ್ದಳು. ನೀರನ್ನು ಪ್ರೀತಿಯಿಂದಲೇ ಕೊಡುತ್ತಿದ್ದಳು; ಆದರೆ ಬಟ್ಟಲು ಬೇರೆ. ಕೊರಳಲ್ಲಿ ಲಿಂಗ, ಗೂಡಿನಲ್ಲಿ ಬೇರೆ ಬಟ್ಟಲು! ಹರಳಯ್ಯ ಮಧುವರಸರ ಕಥೆಯನ್ನು ಪುರಾಣದಲ್ಲಿ ಕೇಳಿ ಕಣ್ಣೀರು ಸುರಿಸಿದವಳೇ ಮನೆಗೆ ಬಂದು ಆ ಬಟ್ಟಲನ್ನು ಹೊರಗೆ ಬೋರಲು ಹಾಕುತ್ತಿದ್ದಳು. ಆ ಕಾಲದಲ್ಲಿ ನಮ್ಮ ಎಷ್ಟೋ ಮನೆಗಳಲ್ಲಿ ಹೀಗೆಯೇ ಇತ್ತೆಂಬುದು ನಿಜ. ಎಲ್ಲರಲ್ಲಿ ಇತ್ತೆಂಬುದರಿಂದ ದೋಷವು ಗುಣವಾಗದು.

೧೯೭೨ರ ಬರಗಾಲವನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಮಹಾರಾಷ್ಟ್ರದ ಎಷ್ಟೋ ಜಿಲ್ಲೆಗಳಲ್ಲಿಯೂ ನಮ್ಮ ಉತ್ತರ ಕರ್ನಾಟಕದಲ್ಲಿಯೂ ಭೂಮಿ ಬಾಯಿಬಿಟ್ಟಿತ್ತು. ಸರಕಾರವು ಕಲ್ಲು ಒಡೆಯುವ, ರಸ್ತೆ ಮಾಡುವ, ಕೆರೆ ಕಟ್ಟುವ ಕಾಮಗಾರಿಗಳನ್ನು ತೆರೆಯಿತು. ೧೯೭೩ರ ಬೇಸಗೆಯಲ್ಲಿ ಮಹಾರಾಷ್ಟ್ರವೊಂದರಲ್ಲಿಯೇ ಸುಮಾರು ೫೦ ಲಕ್ಷ ಮಂದಿ ಅಂತಹ ಕಾಮಗಾರಿಗಳಲ್ಲಿ ದುಡಿದರು. ಮುಂದೆ ೧೯೭೭ರ ಉದ್ಯೋಗ ಖಾತರಿ ಕಾಯಿದೆಗೆ ಆ ಅನುಭವವೇ ತಳಹದಿಯಾಯಿತು. ಪಡಿತರದ ಅಂಗಡಿಗಳಲ್ಲಿ ಪರದೇಶದಿಂದ ತರಿಸಿದ ಮಿಲೋ ಎಂಬ ಕೆಂಪು ಜೋಳ ಸಿಗುತ್ತಿತ್ತು. ಅದರ ಹಿಟ್ಟಿಗೆ ಜಿಗುಟಿಲ್ಲ. ಬಡಿದರೆ ರೊಟ್ಟಿ ಅಂಚಿನಲ್ಲಿ ಒಡೆಯುತ್ತಿತ್ತು. ಆ ಒಡಕು ರೊಟ್ಟಿಯನ್ನೂ ಎಣಿಸಿ ತಿನ್ನುವ ಕಾಲ ಅದು. ನನಗೆ ಆಗ ಹದಿನಾಲ್ಕು ವರ್ಷ.

ಆ ವರ್ಷದ ಡಿಸೆಂಬರಿನಲ್ಲಿ ಮಂಗಳವೇಢೆ ತಾಲ್ಲೂಕಿನ ಕಡೆಯಿಂದ ಒಬ್ಬ ಹೆಂಗಸು ಮೂರು ಮಕ್ಕಳೊಡನೆ ನಮ್ಮ ಚಾಳಿನ ಬಾಗಿಲಲ್ಲಿ ಬಂದು ಕುಳಿತಳು. ಮರಾಠಿಯ ಹೊರತು ಬೇರೆ ಮಾತು ಆಕೆಗೆ ಬಾರದು. ಗಂಡ ದೂರದ ಕಾಮಗಾರಿಯಲ್ಲಿ ಕಲ್ಲು ಒಡೆಯಲು ಹೋಗಿದ್ದನು. ಕಿರಿಯ ಕೂಸಿಗೆ ಔಷಧ ಕೊಡಿಸಲೆಂದು ಪಟ್ಟಣಕ್ಕೆ ಬಂದವಳಿಗೆ ತಿರುಗಿ ಹೋಗಲು ಊರಿನಲ್ಲಿ ನೀರೇ ಇರಲಿಲ್ಲ. ಆಯಿ ಆಕೆಯನ್ನು ದಿಟ್ಟಿಸಿ ನೋಡಿದಳು. ಮೂವತ್ತಾರು ವರ್ಷಗಳ ಹಿಂದೆ ರೈಲಿನಿಂದಿಳಿದ ತನ್ನನ್ನೇ ಕಂಡಳೋ ಏನೋ, ನಾನರಿಯೆ. "ಒಳಗ ಬಾರವ್ವ" ಎಂದಳು. ಮಾತು ಕನ್ನಡ, ಆದರೂ ಆಕೆಗೆ ತಿಳಿಯಿತು.

ಮೊದಲ ದಿನ ಆ ತಾಯಿಮಕ್ಕಳಿಗೆ ನೀರು ಹೊರಗಿನ ಬಟ್ಟಲಿನಲ್ಲಿಯೇ ಬಂತು. ಏಕೆಂದರೆ ಜಾತಿ ಕೇಳದೆಯೇ ತಿಳಿದಿತ್ತು. ಎರಡನೆಯ ದಿನ ಬೆಳಿಗ್ಗೆ ಗೂಡಿನಲ್ಲಿ ಬಟ್ಟಲಿರಲಿಲ್ಲ. ಮನೆಯವರಲ್ಲಿ ಯಾರೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಕೆಲವು ದಿನಗಳ ಮೇಲೆ ಕಂಡೆ: ಅದು ಒಲೆಯ ಬಳಿ ಉಪ್ಪಿನ ಬಟ್ಟಲಾಗಿತ್ತು. ಅಂದಿನಿಂದ ನಮ್ಮೆಲ್ಲರ ಅಡುಗೆಗೂ ಉಪ್ಪು ಅದರಿಂದಲೇ ಬಿತ್ತು.

ಆದರೆ ಕಷ್ಟವು ಬೇರೆ ಕಡೆಯಿಂದ ಬಂತು. ಏಳು ಮಂದಿಯ ಮನೆಗೆ ಇನ್ನೂ ನಾಲ್ಕು ಹೊಟ್ಟೆ. ತಂದೆಯ ಪಗಾರ ಅಷ್ಟೇ. ಊಟಕ್ಕೆ ಬರುವ ಕಾರ್ಮಿಕರೂ ಕಡಿಮೆಯಾಗಿದ್ದರು. ನಮ್ಮ ತಾಟಿನಲ್ಲಿ ಮೂರಿದ್ದ ರೊಟ್ಟಿ ಎರಡಾಯಿತು. ಒಂದು ರಾತ್ರಿ ನನ್ನ ತಾಯಿ ಅತ್ತೆಯೆದುರು ಹಿಂದೆಂದೂ ಆಡದ ಮಾತನ್ನು ಆಡಿದಳು:

"ಅತ್ತಿ, ನಮ್ಮ ಮಕ್ಕಳ ತಾಟಿನಾಗಿಂದ ತಗದು ಮಂದಿಗೆ ಹಾಕಿದ್ರ ಅದು ದಾಸೋಹ ಏನ್ರಿ? ನೀವು ಉಪಾಸ ಇದ್ದು ಹಾಕ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆ ಕೂಸುಗಳನ್ನ ಯಾಕ ಉಪಾಸ ಕೆಡವ್ತೀರಿ?"

ನನ್ನ ತಾಯಿಯ ಮಾತನ್ನು ನಾನು ಇಲ್ಲಿ ಆಕೆಯ ಕುಂದೆಂದು ಹೇಳುತ್ತಿಲ್ಲ. ವಾಚಕರು ನಿಷ್ಪಕ್ಷಪಾತವಾಗಿ ಯೋಚಿಸಲಿ. ಆ ಪ್ರಶ್ನೆಯು ನ್ಯಾಯವಾದ ಪ್ರಶ್ನೆ. ಮನೆಯೊಡತಿಯು ಉದಾರಿಯಾದಾಗ ಆ ಔದಾರ್ಯದ ಬೆಲೆಯನ್ನು ಕೊಡುವವರು ಯಾರು? ಅತ್ತೆ ಬಡಿಸುತ್ತಾಳೆ, ಪುಣ್ಯ ಅತ್ತೆಗೆ. ಸೊಸೆ ಹಿಟ್ಟು ಬೀಸುತ್ತಾಳೆ, ಹಸಿವು ಮೊಮ್ಮಕ್ಕಳಿಗೆ. ಎಷ್ಟೋ ಮನೆಗಳಲ್ಲಿ ಒಬ್ಬರ ಹೆಸರಿನ ಧರ್ಮವು ಮತ್ತೊಬ್ಬರ ಬೆನ್ನಿನ ಮೇಲೆ ನಡೆಯುತ್ತದೆ. ದಾನಕ್ಕೂ ದಾಸೋಹಕ್ಕೂ ಇರುವ ಭೇದವು ಇಲ್ಲಿಯೇ ಇದೆ. ದಾನದಲ್ಲಿ ಕೊಡುವ ಕೈ ಮೇಲಿರುತ್ತದೆ. ಎಲ್ಲಿಂದ ತಂದನೆಂಬುದನ್ನು ಯಾರೂ ಕೇಳುವುದಿಲ್ಲ. ದಾಸೋಹದಲ್ಲಿ ಕೊಡುವವನು ದಾಸನು. ಅವನು ತನ್ನ ಕಾಯಕದಿಂದ ಬಂದುದನ್ನು ಮಾತ್ರ ಅರ್ಪಿಸಬಲ್ಲನು. ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ನೆನೆಯಿರಿ. ಮಾರಯ್ಯನು ನಿತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದ ದಿನ ಆ ತಾಯಿ ಹಿಗ್ಗಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಅಕ್ಕಿಯು ದಾಸೋಹಕ್ಕೇ ಬಳಕೆಯಾಗುವುದಿದ್ದರೂ ಸಹ, ಸಲ್ಲಬೇಕಾದ ಅಳತೆಯನ್ನು ಮೀರಿದ್ದು ಸಲ್ಲದೆಂಬುದು ಆಕೆಯ ನಿಷ್ಠೆ. ಉದ್ದೇಶವು ಒಳ್ಳೆಯದೆಂದು ಮೂಲವನ್ನು ಮರೆಯಬಾರದು.

ಆಯಿ ಆ ರಾತ್ರಿ ಸೊಸೆಗೆ ಉತ್ತರ ಕೊಡಲಿಲ್ಲ. ಬೆಳಗಿನ ಜಾವ ನಾಲ್ಕು ಗಂಟೆಗೆ ಏಳುತ್ತಿದ್ದವಳು ಮರುದಿನ ಮೂರಕ್ಕೆ ಎದ್ದಳು. ಎದ್ದವಳೇ ಸೊಸೆಯನ್ನು ಕರೆದು, "ನೀ ಅಂದದ್ದು ಖರೆ ಐತವಾ. ಕೂಸುಗಳ ಪಾಲು ಕೂಸುಗಳಿಗೇ ಇರ್ಲಿ" ಎಂದಳು. ಅಂದಿನಿಂದ ಮನೆಯ ರೊಟ್ಟಿಯ ಹೊರತಾಗಿ ಇನ್ನೊಂದು ಅಡಕಲು ಖಡಕ ರೊಟ್ಟಿಯನ್ನು ಬಡಿದು ಪೇಟೆಗೆ ಕಳುಹಿಸಿ, ಅದರಿಂದ ಬಂದ ದುಡ್ಡಿನಲ್ಲಿ ಆ ನಾಲ್ವರಿಗೆ ಬೇಕಾದ ಜೋಳವನ್ನು ಕೊಳ್ಳುತ್ತಿದ್ದಳು. ಅರವತ್ತರ ವಯಸ್ಸು, ಹೊಗೆಗೆ ಕಣ್ಣು ಕೆಂಪಾಗಿರುತ್ತಿದ್ದವು. ಮೂರನೆಯ ದಿನ ಆ ಹೆಂಗಸು ತಾನೂ ಎದ್ದು ಹಿಟ್ಟು ನಾದಲು ಕುಳಿತಳು. ವಾರ ಕಳೆಯುವಷ್ಟರಲ್ಲಿ ನನ್ನ ತಾಯಿಯೂ ಎದ್ದಳು. ಯಾರೂ ಯಾರನ್ನೂ ಕರೆಯಲಿಲ್ಲ.

ಅತ್ತೆಯಾದವಳು ಸೊಸೆಯ ಮಾತನ್ನು "ಖರೆ" ಎಂದು ಒಪ್ಪಿಕೊಳ್ಳುವುದು ಊಟ ಹಾಕುವುದಕ್ಕಿಂತ ಸುಲಭವಾದ ಕೆಲಸವೆಂದು ತಿಳಿಯಬಾರದು. ಅಹಂಕಾರವು ಅನ್ನವನ್ನು ಬಿಟ್ಟುಕೊಟ್ಟೀತು. ತಾನೇ ಸರಿಯೆಂಬ ನಂಬಿಕೆಯನ್ನು ಬಿಟ್ಟುಕೊಡದು. ಆಯಿಯ ನಿಜವಾದ ದಾಸೋಹ ಆ ಮುಂಜಾನೆ ಪ್ರಾರಂಭವಾಯಿತೆಂದು ನಾನು ನಂಬುತ್ತೇನೆ.

ಇನ್ನು ನನ್ನ ತಪ್ಪನ್ನು ಹೇಳಬೇಕು. ತಾಟಿನಲ್ಲಿ ಮತ್ತೆ ಮೂರು ರೊಟ್ಟಿ ಬರತೊಡಗಿದ ಮೇಲೆಯೂ ನನ್ನ ಮನಸ್ಸಿನ ಹಸಿವು ಇಳಿಯಲಿಲ್ಲ. ಒಂದು ದಿನ ಆ ಹೆಂಗಸಿನ ಹಿರಿಯ ಮಗ, ಎಂಟು ವರ್ಷದವನು, ನನ್ನ ಪಕ್ಕದಲ್ಲಿ ಉಣ್ಣುತ್ತಿದ್ದಾಗ ಮರಾಠಿಯಲ್ಲಿ ಅವನಿಗೆ, "ನೀನು ತಿನ್ನುತ್ತಿರುವುದು ನಮ್ಮ ರೊಟ್ಟಿ" ಎಂದೆ. ಅವನು ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿ ಇಟ್ಟನು. ಆಮೇಲೆ ನನ್ನೆದುರಿಗೆ ಅವನು ಎಂದೂ ಉಣ್ಣಲಿಲ್ಲ. ನಾನು ಎದ್ದು ಹೋದ ಮೇಲೆಯೇ ಉಣ್ಣಲು ಬರುತ್ತಿದ್ದನು.

ಇದು ಆಯಿಗೆ ತಿಳಿಯಿತು. ಬಯ್ಯುವಳೆಂದು ಅಂಜಿದ್ದೆ. ಬಯ್ಯಲಿಲ್ಲ. "ತಮ್ಮಾ, ನನಗ ಕಣ್ಣು ಮಂಜಾಗ್ಯಾವು. ಗ್ವಾಡಿ ಮ್ಯಾಲಿನ ಲೆಕ್ಕ ಈ ತಿಂಗಳು ನೀ ಇಡು" ಎಂದಳು. ನಾನು ಹಿಗ್ಗಿದೆ. ಇದ್ದಿಲು ಹಿಡಿದು ಕಾರ್ಮಿಕರ ಸಾಲುಗಳನ್ನು ಬರೆಯತೊಡಗಿದಾಗ, ಆಕೆ ಕೆಳಗೆ ಬೆರಳು ತೋರಿಸಿ, "ಇಲ್ಲೊಂದು ಸಾಲು ನಿಂದೂ ಇರ್ಲಿ" ಎಂದಳು. ತಿಂಗಳವಿಡೀ ನಾನು ಉಂಡ ಪ್ರತಿಯೊಂದು ಊಟಕ್ಕೂ ನಾನೇ ಗೆರೆ ಎಳೆದೆ. ಪಗಾರದ ದಿನ ಎಲ್ಲರ ಲೆಕ್ಕವೂ ತೀರಿತು. ಒಬ್ಬೊಬ್ಬರ ಸಾಲನ್ನೂ ಒರೆಸುತ್ತ ಬಂದವಳು ನನ್ನ ಸಾಲಿಗೆ ಬಂದು ನಿಂತಳು. ಅರವತ್ತಕ್ಕೂ ಮೀರಿದ ಗೆರೆಗಳು.

"ಇದನ್ನ ಯಾರು ತೀರಸ್ತಾರಪ್ಪಾ?"

ನನ್ನಲ್ಲಿ ಉತ್ತರವಿರಲಿಲ್ಲ. ಆಕೆ ಸ್ವಲ್ಪ ಹೊತ್ತು ನೋಡಿ, ಒದ್ದೆ ಬಟ್ಟೆಯಿಂದ ಆ ಸಾಲನ್ನೂ ಒರೆಸಿಬಿಟ್ಟಳು. "ನಿಂದು ಹ್ಯಾಂಗೋ, ಆ ಹುಡುಗಂದೂ ಹಂಗ" ಎಂದಳು. ಬೇರೆ ಉಪದೇಶವನ್ನು ಮಾಡಲಿಲ್ಲ. ಆ ಸಂಜೆ ನಾನು ಹುಡುಗನನ್ನು ಕರೆದು ಪಕ್ಕದಲ್ಲಿ ಕೂಡ್ರಿಸಿಕೊಳ್ಳಲು ಯತ್ನಿಸಿದೆ. ಅವನು ಬರಲಿಲ್ಲ. ಗೋಡೆಯ ಗೆರೆಯಂತೆ ಆಡಿದ ಮಾತನ್ನು ಒರೆಸಲು ಬರುವುದಿಲ್ಲವೆಂಬುದನ್ನೂ ಅಂದೇ ಕಲಿತೆ.

೧೯೭೩ರ ಮಳೆಗಾಲ ಚೆನ್ನಾಗಿ ಪ್ರಾರಂಭವಾಯಿತು. ಏಳು ತಿಂಗಳಿದ್ದ ಆ ಕುಟುಂಬವು ಬಿತ್ತನೆಯ ಹೊತ್ತಿಗೆ ತಮ್ಮ ಊರಿಗೆ ಮರಳಿತು. ಹೊರಡುವಾಗ ಆಯಿ ಎರಡು ದಿನಕ್ಕಾಗುವಷ್ಟು ರೊಟ್ಟಿ ಕಟ್ಟಿಕೊಟ್ಟಳು.

೧೯೮೪ರಲ್ಲಿ ಆಯಿ ಲಿಂಗೈಕ್ಯಳಾದಳು. ಸುದ್ದಿ ತಿಳಿದು ಇಂಡಿಯ ಕಡೆಯ ಬಂಧುಗಳು ಬಂದರು. ಆಕೆಯನ್ನು ಹುಟ್ಟೂರಿಗೆ ಒಯ್ದು ಗಂಡನ ಸಮಾಧಿಯ ಬಳಿ ಮಣ್ಣು ಮಾಡಬೇಕೆಂದು ಕೆಲವರು ವಾದಿಸಿದರು. ಆಕೆ ಈ ಮೊದಲೇ ನನ್ನ ತಾಯಿಯೊಡನೆ ಹೇಳಿಟ್ಟಿದ್ದಳು: "ನನ್ನ ಎಲ್ಲೂ ಹೊತಗೊಂಡ ಹೋಗಬ್ಯಾಡ್ರಿ. ಇಲ್ಲಿ ಮಣ್ಣೂ ಮಣ್ಣ ಐತಿ." ಹಾಗೆಯೇ ಸೊಲ್ಲಾಪುರದ ನಮ್ಮ ರುದ್ರಭೂಮಿಯಲ್ಲಿ, ಅಂಗೈಯಲ್ಲಿ ಲಿಂಗವನ್ನಿಟ್ಟು, ಕುಳಿತ ಭಂಗಿಯಲ್ಲಿ ಸಮಾಧಿಗೈದೆವು.

ಮರಳಿ ಮನೆಗೆ ಬಂದಾಗ ಒಲೆ ಹೊತ್ತಿತ್ತು. ಮಂಗಳವೇಢೆಯ ಆ ಹೆಂಗಸು, ಯಾರಿಂದ ಕೇಳಿದಳೋ ತಿಳಿಯದು, ಬಂದು ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಜೋಳದ ಹಿಟ್ಟನ್ನು ತನ್ನ ಊರಿನಿಂದಲೇ ಗಂಟು ಕಟ್ಟಿಕೊಂಡು ತಂದಿದ್ದಳು. ಪಕ್ಕದಲ್ಲಿ ಅದೇ ಉಪ್ಪಿನ ಬಟ್ಟಲು. ಊರಿನಿಂದ ಬಂದ ಬಂಧುಗಳಲ್ಲಿ ಇಬ್ಬರು ಮೂವರು ಆಕೆ ಯಾರೆಂದು ಕೇಳಿದರು. ತಿಳಿದ ಮೇಲೆ ಹೊರಗೇ ನಿಂತರು. ಲಿಂಗವಂತನಿಗೆ ಸೂತಕವಿಲ್ಲವೆಂದು ಈಗ ತಾನೇ ರುದ್ರಭೂಮಿಯಲ್ಲಿ ನುಡಿದವರಿಗೆ ಈ ರೊಟ್ಟಿಯಲ್ಲಿ ಸೂತಕ ಕಂಡಿತು! ಆಗ ನನ್ನ ತಾಯಿ, ಹಿಂದೆ ಆ ನಾಲ್ವರ ಊಟವನ್ನು ಪ್ರಶ್ನಿಸಿದ್ದ ನನ್ನ ತಾಯಿಯೇ, ಎಲ್ಲರಿಗಿಂತ ಮೊದಲು ತಾಟನ್ನು ಹಾಕಿಕೊಂಡು ಕುಳಿತು, "ಬಡಸವ್ವ" ಎಂದಳು. ಅನಂತರ ನಾವೆಲ್ಲರೂ ಕುಳಿತೆವು. ಹೊರಗೆ ನಿಂತವರಲ್ಲಿ ಒಬ್ಬರು ಒಳಗೆ ಬಂದರು, ಇಬ್ಬರು ಬರಲಿಲ್ಲ. ನಡೆದುದನ್ನು ನಡೆದಂತೆ ಹೇಳುತ್ತಿದ್ದೇನೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ತಾಯಿಯ ಸ್ಮರಣೆಯು ಭಕ್ತಿಯೋ, ಕುಲಾಭಿಮಾನವೋ? ಎರಡೂ ಆಗಬಲ್ಲದು. "ಅಂಥವಳ ಮೊಮ್ಮಗ ನಾನು" ಎಂದು ಎದೆಯುಬ್ಬಿಸಿದರೆ ಅದು ಕುಲಾಭಿಮಾನವೇ. ಆಕೆಯ ರೊಟ್ಟಿಯ ಪುಣ್ಯವನ್ನು ನನ್ನ ಖಾತೆಗೆ ಬರೆದುಕೊಂಡ ಕಳ್ಳತನ. ಆಕೆಯ ದೋಷವನ್ನು ಮುಚ್ಚಿ ದೇವಿಯನ್ನಾಗಿ ಮಾಡಿದರೆ ಅದೂ ಮೋಹವೇ. ದೇವಿಯನ್ನು ಪೂಜಿಸಿ ಕೈತೊಳೆದುಕೊಳ್ಳಬಹುದು, ಅನುಸರಿಸಬೇಕಾದ ಕಷ್ಟವಿಲ್ಲ. ಆದರೆ ಮೂವತ್ತಾರು ವರ್ಷ ಬೇರೆ ಬಟ್ಟಲನ್ನಿಟ್ಟ ಒಬ್ಬ ಸಾಮಾನ್ಯ ಹೆಂಗಸು ಒಂದು ರಾತ್ರಿಯಲ್ಲಿ ಅದನ್ನು ಒಳಗೆ ತಂದಳೆಂಬುದನ್ನೂ, ಸೊಸೆಯ ಮಾತಿಗೆ ತಲೆಬಾಗಿ ತನ್ನ ಧರ್ಮವನ್ನು ತಿದ್ದಿಕೊಂಡಳೆಂಬುದನ್ನೂ ನೆನೆದಾಗ, ಆ ಸ್ಮರಣೆಯು ನಮ್ಮನ್ನು ಹೊಗಳುವುದಿಲ್ಲ, ಕೇಳುತ್ತದೆ: ನಿನ್ನ ಮನೆಯ ಗೂಡಿನಲ್ಲಿ ಇನ್ನೂ ಯಾವ ಬಟ್ಟಲು ಹೊರಗಿದೆ? ಹೀಗೆ ಕೇಳುವ ಸ್ಮರಣೆಯೇ ಭಕ್ತಿ.

ಇಂದು ಆ ಚಾಳೂ ಇಲ್ಲ. ಆ ದೊಡ್ಡ ಗಿರಣಿಗಳೂ ಒಂದೊಂದಾಗಿ ಮುಚ್ಚಿ ಭೋಂಗಾ ಮೌನವಾಗಿದೆ. ಮೀಟರ್ ಗೇಜಿನ ಹಳಿಗಳೂ ಬದಲಾಗಿವೆ. ಆದರೆ ಹೊಟ್ಟೆಪಾಡಿಗಾಗಿ ಊರು ಬಿಡುವವರು ಇಲ್ಲದಂತಾಗಿಲ್ಲ. ನಮ್ಮ ಬೆಂಗಳೂರಿಗೂ ಹುಬ್ಬಳ್ಳಿಗೂ ಬಿಹಾರ, ಒಡಿಶಾ, ಅಸ್ಸಾಂ ಮೊದಲಾದ ರಾಜ್ಯಗಳಿಂದ ದುಡಿಯಲು ಬಂದವರು ನಮ್ಮ ಮನೆಗಳನ್ನು ಕಟ್ಟುತ್ತಿದ್ದಾರೆ. ೨೦೨೦ರ ಮಾರ್ಚ್ ೨೫ರಂದು ದೇಶವೆಲ್ಲ ಲಾಕ್‌ಡೌನ್ ಆದಾಗ, ಅಂತಹ ಸಾವಿರ ಸಾವಿರ ಮಂದಿ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಹೆದ್ದಾರಿಗಳಲ್ಲಿ ನಡೆದುದನ್ನು ನಾವೆಲ್ಲರೂ ಕಂಡೆವು. ಅವರಲ್ಲಿ ಎಷ್ಟೋ ತಾಯಂದಿರ ಸೆರಗಿನಲ್ಲಿ ನಮ್ಮ ತಂದೆಯಂತಹ ಕೂಸುಗಳಿದ್ದವು. ಅವರು ನಮ್ಮ ಮಾತನಾಡುವುದಿಲ್ಲವೆಂದೋ, ನಮ್ಮ ಕುಲದವರಲ್ಲವೆಂದೋ ಬಾಗಿಲು ಮುಚ್ಚುವಾಗ, ನಮ್ಮ ಅಜ್ಜಿಯರಲ್ಲಿ ಎಷ್ಟು ಮಂದಿ ಪರವೂರಿನ ಬಾಗಿಲಲ್ಲಿ ಹಾಗೆಯೇ ನಿಂತಿದ್ದರೆಂಬುದನ್ನು ನೆನೆಯುವುದು ಒಳ್ಳೆಯದು.

ಎಲ್ಲರೂ ಖಾನಾವಳಿ ನಡೆಸಲಾರರು, ನಡೆಸಬೇಕೆಂದೂ ಇಲ್ಲ. ಭಕ್ತಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಹಿರಿಯರ ಪುಣ್ಯತಿಥಿಯಂದು ಬಂಧುಗಳಿಗೆ ಉಣಬಡಿಸುವಾಗ, ನಮ್ಮ ಕೈಯ ದುಡಿಮೆಯಿಂದ, ಮನೆಯಲ್ಲಿ ಯಾರ ತಾಟನ್ನೂ ಬರಿದು ಮಾಡದೆ, ಊರು ಬಿಟ್ಟು ಬಂದ ಒಬ್ಬರನ್ನು ಕರೆದು ಪಕ್ಕದಲ್ಲಿ ಕೂಡ್ರಿಸಿಕೊಳ್ಳೋಣ. ಬೇರೆ ಬಟ್ಟಲು ಬೇಡ. ಲೆಕ್ಕವನ್ನಿಡಬೇಕೆಂದು ಮನಸ್ಸಾದರೆ, ಮೊದಲು ನಾವು ಉಂಡ ಊಟಗಳ ಸಾಲನ್ನು ಬರೆಯೋಣ.

ಆ ಹುಡುಗನಿಗೆ ಇಂದು ಅರವತ್ತರ ಪ್ರಾಯ. ಮೂರು ವರ್ಷದ ಹಿಂದೆ ಸಂಕ್ರಾಂತಿಯ ಜಾತ್ರೆಯಲ್ಲಿ ಅಕಸ್ಮಾತ್ತಾಗಿ ಭೇಟಿಯಾದನು. ಮನೆಗೆ ಕರೆದೆ, ಬಂದನು. ಊಟಕ್ಕೆ ಕುಳಿತಾಗ ನಾನು ಎದ್ದು ಹೋಗಬೇಕೋ ಎಂದು ಒಂದು ಕ್ಷಣ ಅಳುಕಿದೆ. ಅವನೇ ನನ್ನ ಕೈಹಿಡಿದು ಪಕ್ಕಕ್ಕೆ ಎಳೆದುಕೊಂಡನು. ಇಬ್ಬರೂ ಉಂಡೆವು.